ಅಂಕಿತವೂ ಉಪಪತ್ತಿಯೂ



ವಚನಗಳನ್ನು ಓದತಕ್ಕವರೆಲ್ಲರೂ ಅವುಗಳ ಕೊನೆಯಲ್ಲಿ ಅಂಕಿತವನ್ನು ಕಾಣುವರು. ಕೂಡಲಸಂಗಮದೇವನ ಹೆಸರು ಬಂದಲ್ಲಿ ಆ ವಚನವು ಬಸವಣ್ಣನವರದೆಂದೂ, ಗುಹೇಶ್ವರನ ಹೆಸರು ಬಂದಲ್ಲಿ ಅಲ್ಲಮಪ್ರಭುಗಳದೆಂದೂ, ಚೆನ್ನಮಲ್ಲಿಕಾರ್ಜುನನ ಹೆಸರು ಬಂದಲ್ಲಿ ಅಕ್ಕಮಹಾದೇವಿಯದೆಂದೂ ಭಕ್ತರು ತಿಳಿಯುವರು. ಅಂಕಿತವೆಂಬುದು ಇಷ್ಟದೈವದ ಸ್ಮರಣೆಯಾಗಿರುವಂತೆಯೇ ಕರ್ತೃವಿನ ರುಜುವೂ ಆಗಿರುವುದು. ಆದರೆ ಈ ರುಜುವಿಗೆ ಒಂದು ಕೊರತೆಯುಂಟು. ಅಂಕಿತವು ಎಲ್ಲರಿಗೂ ಗೊತ್ತಿರುವ ಹೆಸರಾದುದರಿಂದ, ಯಾರು ಬೇಕಾದರೂ ತಾವು ಬರೆದ ಸಾಲುಗಳ ಕೊನೆಗೆ ಅದನ್ನು ಅಂಟಿಸಬಹುದು. ಹಾಗೆ ಅಂಟಿಸಿದುದನ್ನು ಅಂಕಿತವು ತಾನಾಗಿ ತಡೆಯಲಾರದು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಬೆಳಕಿಗೆ ತಂದಂದಿನಿಂದ, ೧೯೯೩ರಲ್ಲಿ ಸಮಗ್ರ ವಚನ ಸಂಪುಟವು ಹದಿನೈದು ಸಂಪುಟಗಳಲ್ಲಿ ಪ್ರಕಟವಾಗುವವರೆಗೆ, ವಿದ್ವಾಂಸರು ಓಲೆಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಭಾಷೆಯನ್ನೂ ಭಾವವನ್ನೂ ತೂಗಿ, ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ಬೇರ್ಪಡಿಸಲು ಪಟ್ಟ ಶ್ರಮವು ಅಲ್ಪವಾದುದಲ್ಲ. ರುಜುವೊಂದು ಸುಲಭವಾಗಿ ಅನುಕರಿಸತಕ್ಕುದಾಗಿದ್ದರೆ ಅದರ ಭಾರವೆಲ್ಲವೂ ಮುಂದಿನ ತಲೆಮಾರಿನವರ ಹೆಗಲಿಗೆ ಬೀಳುವುದೆಂಬುದಕ್ಕೆ ಇದೇ ಸಾಕ್ಷಿಯು.

ಈ ತೊಡಕು ವಚನಗಳಿಗೆ ಮಾತ್ರ ಸೇರಿದುದಲ್ಲ. ದಾವಣಗೆರೆಗೆ ನೆರೆಯಾದ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ದೇವಾಲಯವಿರುವುದು. ಅಲ್ಲಿನ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೩ರಲ್ಲಿ ಪ್ರಕಟವಾದ ಕರ್ಣಾಟಕ ಶಾಸನಗಳ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಸೇರಿಸಿದರು. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಕಲ್ಲಿನ ಮೇಲೆ ಕೊರೆಯಿಸಿ, ಸೂರ್ಯಚಂದ್ರರನ್ನು ಮೇಲೆ ಕೆತ್ತಿಸಿ, ದಾನವನ್ನು ಅಳುಪಿದವರಿಗೆ ಕೊನೆಯಲ್ಲಿ ಶಾಪವನ್ನು ಹಾಕುವುದು ಅಂದಿನ ರೂಢಿ. ಊರ ನಡುವೆ ನಿಂತ ಕಲ್ಲನ್ನು ರಾತ್ರೋರಾತ್ರಿ ಬದಲಿಸುವುದು ಕಷ್ಟ. ಆದರೆ ತಾಮ್ರಪಟಗಳ ಮಾತು ಬೇರೆ. ಅವು ಮನೆಯೊಳಗೆ ಪೆಟ್ಟಿಗೆಯಲ್ಲಿರತಕ್ಕವು. ಒಬ್ಬ ಕುಶಲ ಕಂಚುಗಾರನೂ ಒಬ್ಬ ಲೋಭಿಯೂ ಸೇರಿದರೆ ಪೂರ್ವಕಾಲದ ಅರಸನ ಹೆಸರಿನಲ್ಲಿ ಹೊಸ ದಾನಪತ್ರವು ಹುಟ್ಟಬಹುದು. ಹೀಗೆ ಹುಟ್ಟಿದ ಕೂಟಶಾಸನಗಳು ಎಷ್ಟೋ ಇದ್ದುದರಿಂದ ಜೆ. ಎಫ್. ಫ್ಲೀಟ್ ಎಂಬ ಶಾಸನಜ್ಞರು ಅವುಗಳ ಪಟ್ಟಿಯನ್ನೇ ಮಾಡಬೇಕಾಯಿತು. ಗಂಗರ ಹೆಸರಿನ ಅನೇಕ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ರೈಸ್ ಅವರಿಗೂ ದೀರ್ಘವಾದ ವಾದವೇ ನಡೆಯಿತು.

ಕೂಟಶಾಸನವು ಹೇಗೆ ಸಿಕ್ಕಿಬೀಳುವುದೆಂಬುದು ಗಮನಿಸತಕ್ಕ ಸಂಗತಿಯು. ಹಳೆಯ ಶಕವರ್ಷದ ಕೆಳಗೆ ಅಕ್ಷರಗಳು ಮಾತ್ರ ಎಷ್ಟೋ ಶತಮಾನ ಈಚಿನ ಆಕಾರದಲ್ಲಿರುವುವು. ಇಲ್ಲವೆ, ಹೇಳಿದ ತಿಥಿಗೂ ವಾರಕ್ಕೂ ಹೊಂದಾಣಿಕೆಯಿರುವುದಿಲ್ಲ. ಆದರೆ ಈ ಪರೀಕ್ಷೆಯು ನಡೆಯುವ ಹೊತ್ತಿಗೆ ಭೂಮಿಯನ್ನು ಕಳೆದುಕೊಂಡವನೂ ಕಬಳಿಸಿದವನೂ ಮಣ್ಣಾಗಿ ಎಷ್ಟೋ ಕಾಲವಾಗಿರುವುದು. ಸತ್ಯವು ಹೊರಬಿದ್ದರೂ ನ್ಯಾಯವು ದೊರೆಯಲಿಲ್ಲ. ಆದುದರಿಂದ ವಿವೇಕಿಗಳಿಗೆ ಒಂದು ಪ್ರಶ್ನೆಯು ಹುಟ್ಟುವುದು ಸಹಜ: ಕೂಟವು ನಡೆದ ಮೇಲೆ ಕಂಡುಹಿಡಿಯುವುದಕ್ಕಿಂತ, ಕೂಟವು ನಡೆಯಲಾರದೆಂದು ಮೊದಲೇ ಸಿದ್ಧಪಡಿಸಬಲ್ಲ ರುಜುವೊಂದು ಸಾಧ್ಯವೇ? ಸಾಧ್ಯವಾದರೆ ಅದನ್ನು ಸಿದ್ಧಪಡಿಸತಕ್ಕವರು ಯಾರು, ಮತ್ತು ಅವರಿಗೆ ಅನ್ನವಿಕ್ಕತಕ್ಕವರು ಯಾರು?

ಈ ಪ್ರಶ್ನೆಯು ಈಗ ಕೇವಲ ಪಂಡಿತರದಲ್ಲ. ಭದ್ರಾನಾಲೆಯ ನೀರಿನಿಂದ ಬತ್ತವನ್ನು ಬೆಳೆಯುವ ಹರಿಹರದ ರೈತನಿಗೂ, ಮೆಕ್ಕೆಜೋಳವನ್ನು ಬೆಳೆದು ದಾವಣಗೆರೆಯ ಪೇಟೆಗೆ ತರುವ ರೈತನಿಗೂ ತನ್ನ ಹೊಲಕ್ಕೆ ಆಧಾರವು ಪಹಣಿಯೇ. ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯಿಂದ ಈ ಶತಮಾನದ ಆರಂಭದಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಗ್ರಾಮಲೆಕ್ಕಿಗರ ಪುಸ್ತಕಗಳಿಂದ ಗಣಕಯಂತ್ರಗಳಿಗೆ ಏರಿಸಿತು. ಈಗ ರೈತನು ಪಡೆಯುವ ಪಹಣಿಗೆ ಅಧಿಕಾರಿಯ ಮಸಿಯ ರುಜುವಿನ ಬದಲು ಡಿಜಿಟಲ್ ಸಹಿಯು ಬರುವುದು. ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇಂಥ ಸಹಿಗೆ ನ್ಯಾಯದ ಮಾನ್ಯತೆಯನ್ನು ಕೊಟ್ಟಿತು. ಬ್ಯಾಂಕಿನ ಸಾಲ, ಪಾಲುಪಟ್ಟಿ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಜೀವನಾಂಶ, ಇವೆಲ್ಲವೂ ಇಂಥ ಕಾಗದಗಳ ಮೇಲೆ ನಿಂತಿರುವುವು. ಆ ಸಹಿಯನ್ನು ಯಾವನಾದರೂ ಸೃಷ್ಟಿಸಬಲ್ಲವನಾದರೆ, ಕೂಟಶಾಸನವೊಂದರಿಂದ ಒಂದು ಊರಿಗೆ ಆದ ಕೇಡು ಇಡೀ ನಾಡಿಗೆ ಆಗುವುದು.

ಡಿಜಿಟಲ್ ಸಹಿಯೆಂದರೆ ಬರೆದ ರುಜುವಿನ ಚಿತ್ರವಲ್ಲ. ಅದು ಒಂದು ಲೆಕ್ಕದ ಫಲವು. ಸಹಿ ಮಾಡುವವನಲ್ಲಿ ಎರಡು ಕೀಲಿಕೈಗಳಿರುವುವು. ಒಂದು ಗುಟ್ಟಿನದು, ಮತ್ತೊಂದು ಬಹಿರಂಗವಾದುದು. ಪತ್ರದ ಒಕ್ಕಣೆಯನ್ನೂ ಗುಟ್ಟಿನ ಕೀಲಿಕೈಯನ್ನೂ ಕೂಡಿಸಿ ಲೆಕ್ಕಮಾಡಿದರೆ ದೊಡ್ಡದೊಂದು ಸಂಖ್ಯೆಯು ದೊರೆಯುವುದು, ಅದೇ ಸಹಿ. ಬಹಿರಂಗ ಕೀಲಿಕೈಯನ್ನು ಬಲ್ಲ ಯಾರಾದರೂ ಆ ಸಹಿಯು ಆ ಪತ್ರಕ್ಕೆ ಹೊಂದುವುದೇ ಇಲ್ಲವೇ ಎಂದು ಪರೀಕ್ಷಿಸಬಹುದು. ಆದರೆ ಹೊಸ ಸಹಿಯನ್ನು ಮಾಡಲಾಗದು. ಒಕ್ಕಣೆಯ ಒಂದು ಅಕ್ಷರವು ಬದಲಾದರೂ ಸಹಿಯು ಹೊಂದುವುದಿಲ್ಲ. ಅಂಕಿತಕ್ಕೂ ಇದಕ್ಕೂ ಇರುವ ಅಂತರವು ಇದೇ. ಅಂಕಿತವು ಯಾವ ವಚನಕ್ಕಾದರೂ ಅಂಟಿಕೊಳ್ಳುವುದು. ಡಿಜಿಟಲ್ ಸಹಿಯು ತಾನು ಹುಟ್ಟಿದ ಒಕ್ಕಣೆಗೆ ಮಾತ್ರ ಅಂಟಿಕೊಳ್ಳತಕ್ಕುದು. ಈ ಕಲ್ಪನೆಯನ್ನು ಮೊದಲು ಮುಂದಿಟ್ಟವರು ಅಮೆರಿಕೆಯ ಡಿಫೀ ಮತ್ತು ಹೆಲ್ಮನ್ ಎಂಬವರು, ೧೯೭೬ರಲ್ಲಿ. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಅದನ್ನು ಲೆಕ್ಕದಲ್ಲಿ ಸಾಧಿಸುವ ಒಂದು ವಿಧಾನವನ್ನು ಕಂಡುಹಿಡಿದರು.

ಅಂಟಿಕೊಳ್ಳತಕ್ಕುದೆಂಬುದು ಆಶಯವು. ಆಶಯಕ್ಕೂ ಸತ್ಯಕ್ಕೂ ನಡುವೆ ಎಷ್ಟು ದೂರವಿರುವುದೆಂಬುದನ್ನು ಚಿಕ್ಕದೊಂದು ಲೆಕ್ಕದಿಂದ ತಿಳಿಯಬಹುದು. ಮಠವೊಂದರ ಕಣಜದ ಪಾರುಪತ್ಯಗಾರನು ಈ ಮೂವರ ವಿಧಾನದಿಂದ ಚೀಟಿಗಳಿಗೆ ಸಹಿ ಮಾಡುವನೆಂದು ಭಾವಿಸೋಣ. ಅವನು ಬಹಿರಂಗಪಡಿಸಿರುವ ಸಂಖ್ಯೆಗಳು ೩೩ ಮತ್ತು ೩. ಅವನ ಗುಟ್ಟಿನ ಸಂಖ್ಯೆಯು ೭. ಎರಡು ಕೊಳಗ ಧಾನ್ಯದ ಚೀಟಿಗೆ ಸಹಿ ಮಾಡಬೇಕಾದರೆ ಅವನು ಎರಡನ್ನು ಏಳು ಸಲ ಗುಣಿಸಿ, ಬಂದ ೧೨೮ನ್ನು ೩೩ರಿಂದ ಭಾಗಿಸಿ, ಉಳಿದ ೨೯ನ್ನು ಚೀಟಿಯಲ್ಲಿ ಬರೆಯುವನು. ಕಣಜದ ಬಾಗಿಲಲ್ಲಿರುವವನು ೨೯ನ್ನು ಮೂರು ಸಲ ಗುಣಿಸಿದರೆ ೨೪,೩೮೯ ಆಗುವುದು. ಅದನ್ನು ೩೩ರಿಂದ ಭಾಗಿಸಿದರೆ ೨ ಉಳಿಯುವುದು. ಚೀಟಿಯು ನಿಜವೆಂದು ತಿಳಿದು ಎರಡು ಕೊಳಗವನ್ನು ಅಳೆದು ಕೊಡುವನು. ಹಾಗೆಯೇ ಮೂರು ಕೊಳಗದ ಚೀಟಿಯ ಸಹಿಯು ೯. ಏಕೆಂದರೆ ಒಂಬತ್ತನ್ನು ಮೂರು ಸಲ ಗುಣಿಸಿದ ೭೨೯ರಲ್ಲಿ ೩೩ರ ಭಾಗಗಳು ಹೋಗಿ ೩ ಉಳಿಯುವುದು.

ಈಗ ಒಬ್ಬ ವಂಚಕನು ಈ ಎರಡು ನಿಜವಾದ ಚೀಟಿಗಳನ್ನು ಪಡೆದನೆನ್ನೋಣ. ಗುಟ್ಟಿನ ಏಳು ಅವನಿಗೆ ಗೊತ್ತಿಲ್ಲ. ಅವನು ೨೯ನ್ನೂ ೯ನ್ನೂ ಗುಣಿಸಿ, ಬಂದ ೨೬೧ನ್ನು ೩೩ರಿಂದ ಭಾಗಿಸಿ, ಉಳಿದ ೩೦ನ್ನು ಆರು ಕೊಳಗದ ಚೀಟಿಯ ಮೇಲೆ ಬರೆಯುವನು. ಬಾಗಿಲಲ್ಲಿರುವವನು ೩೦ನ್ನು ಮೂರು ಸಲ ಗುಣಿಸಿದರೆ ೨೭,೦೦೦. ಅದನ್ನು ೩೩ರಿಂದ ಭಾಗಿಸಿದರೆ ಉಳಿಯುವುದು ೬! ಪಾರುಪತ್ಯಗಾರನು ಎಂದೂ ಬರೆಯದ ಚೀಟಿಗೆ ಆರು ಕೊಳಗ ಧಾನ್ಯವು ಕಣಜದಿಂದ ಹೊರಟುಹೋಗುವುದು. ಮೂವತ್ತಮೂರು ಚಿಕ್ಕ ಸಂಖ್ಯೆಯಾದುದರಿಂದ ಹೀಗಾಯಿತೆಂದು ಯಾರೂ ತಿಳಿಯತಕ್ಕುದಲ್ಲ. ಈಗಿನ ರೂಢಿಯಂತೆ ೬೧೭ ಅಂಕೆಗಳುಳ್ಳ ಸಂಖ್ಯೆಯನ್ನಿಟ್ಟರೂ ಇದೇ ಯುಕ್ತಿಯು ನಡೆಯುವುದು. ಬೀಗವು ಮುರಿಯಲಿಲ್ಲ, ಕೀಲಿಕೈಯು ಕಳುವಾಗಲಿಲ್ಲ. ಆದರೂ ಕಣಜವು ಬರಿದಾಯಿತು. ಅದಕ್ಕಾಗಿಯೇ ಈಗ ಪತ್ರವನ್ನು ನೇರವಾಗಿ ಸಹಿ ಮಾಡದೆ, ಅದನ್ನು ಮೊದಲು ಚೆನ್ನಾಗಿ ಕಲಸಿ ಸಾರಸಂಖ್ಯೆಯೊಂದನ್ನು ತೆಗೆದು ಅದಕ್ಕೆ ಸಹಿ ಮಾಡುವರು. ಹಾಗೆ ಮಾಡಿದರೆ ಈ ಒಂದು ಯುಕ್ತಿಯು ನಿಲ್ಲುವುದು. ಆದರೆ ಯಾರಿಗೂ ಇನ್ನೂ ಹೊಳೆಯದ ಮತ್ತೊಂದು ಯುಕ್ತಿಯು ಇಲ್ಲವೆಂದು ಹೇಳುವುದು ಹೇಗೆ?

ಇಲ್ಲಿಯೇ ಈ ಶಾಸ್ತ್ರದ ಹೃದಯವಿರುವುದು. ಷಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ರೊನಾಲ್ಡ್ ರಿವೆಸ್ಟ್ ಎಂಬ ಮೂವರು ೧೯೮೪ರಲ್ಲಿ ಮಂಡಿಸಿ ೧೯೮೮ರಲ್ಲಿ ವಿಸ್ತರಿಸಿದ ಲೇಖನದಲ್ಲಿ, ಸುಭದ್ರವಾದ ಸಹಿಯೆಂದರೆ ಏನೆಂಬುದನ್ನು ಖಚಿತವಾಗಿ ನಿರೂಪಿಸಿದರು. ಅವರ ನಿರೂಪಣೆಯಲ್ಲಿ ವಂಚಕನಿಗೆ ಅಪಾರವಾದ ಉದಾರತೆಯನ್ನು ತೋರಿಸಲಾಗಿರುವುದು. ಅವನು ತನಗೆ ಬೇಕಾದ ಪತ್ರಗಳನ್ನು ತಾನೇ ಆರಿಸಿಕೊಂಡು, ಒಂದರ ಸಹಿಯನ್ನು ನೋಡಿ ಮುಂದಿನದನ್ನು ಯೋಚಿಸಿ, ಎಷ್ಟಕ್ಕಾದರೂ ನಿಜವಾದ ಸಹಿಯನ್ನು ಮಾಡಿಸಿಕೊಳ್ಳಬಹುದು. ಇಷ್ಟೆಲ್ಲ ಪಡೆದ ಮೇಲೆಯೂ ಅವನು ಹೊಸದಾದ ಒಂದೇ ಒಂದು ಪತ್ರಕ್ಕೆ, ಅದು ಅರ್ಥವಿಲ್ಲದ ಪತ್ರವಾಗಿದ್ದರೂ ಸರಿ, ಸಹಿಯನ್ನು ಸೃಷ್ಟಿಸಲಾರದಿದ್ದರೆ ಮಾತ್ರ ಆ ವಿಧಾನವು ಸುಭದ್ರ. ಕಣಜದ ಚೀಟಿಯು ಈ ಪರೀಕ್ಷೆಯಲ್ಲಿ ಸೋಲುವುದು. ಗೋಲ್ಡ್‌ವಾಸರ್ ಮತ್ತು ಮಿಕಾಲಿ ಅವರಿಗೆ ಇಂಥ ಕಾರ್ಯಗಳಿಗಾಗಿ ೨೦೧೨ರ ಟ್ಯೂರಿಂಗ್ ಪುರಸ್ಕಾರವು ಸಂದಿತು.

ವಂಚಕನು ಸೋಲುವನೆಂದು ಸಿದ್ಧಪಡಿಸುವ ಉಪಪತ್ತಿಯ ಕ್ರಮವೂ ಸ್ವಾರಸ್ಯವಾದುದು. ಲೋಕದ ವಂಚಕರನ್ನೆಲ್ಲ ಕರೆಸಿ ಪರೀಕ್ಷಿಸುವುದು ಯಾರಿಂದಲೂ ಆಗದು. ಆದುದರಿಂದ ಶಾಸ್ತ್ರಜ್ಞರು ಹೀಗೆ ವಾದಿಸುವರು: 'ಈ ಸಹಿಯನ್ನು ಸೃಷ್ಟಿಸಬಲ್ಲವನೊಬ್ಬನು ಇರುವನೆಂದೇ ಒಪ್ಪೋಣ. ಅವನು ಯಾರೇ ಆಗಿರಲಿ, ಅವನನ್ನೇ ಆಳಾಗಿ ಇಟ್ಟುಕೊಂಡು, ಗಣಿತಜ್ಞರು ಎಷ್ಟೋ ಕಾಲದಿಂದ ಬಿಡಿಸಲಾರದೆ ಕೈಚೆಲ್ಲಿರುವ ಇಂಥ ಒಗಟನ್ನು ಬಿಡಿಸಬಹುದು. ಆ ಒಗಟು ಬಿಡಿಸಲಾಗದುದೆಂದು ಎಲ್ಲರೂ ನಂಬಿರುವರು. ಆದುದರಿಂದ ಅಂಥ ವಂಚಕನಿಲ್ಲ.' ಕಾಣದ ಶತ್ರುವನ್ನು ಕಂಡ ಒಗಟಿಗೆ ಕಟ್ಟಿಹಾಕುವ ವಾದವಿದು. ಒಗಟಿಗೂ ಸಹಿಗೂ ನಡುವಣ ಈ ಸೇತುವೆಯನ್ನು ಕಟ್ಟುವುದೂ, ಕಟ್ಟಿದ ಸೇತುವೆಯ ಪ್ರತಿಯೊಂದು ಕಲ್ಲನ್ನೂ ತಟ್ಟಿ ನೋಡುವುದೂ ಈ ವಿಷಯದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಮಾಡುವವನ ಕೆಲಸವು.

ತಟ್ಟಿ ನೋಡುವುದು ಎಷ್ಟು ಅವಶ್ಯವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವುಂಟು. ಜರ್ಮನಿಯ ಶ್ನೋರ್ ಎಂಬವರು ೧೯೮೯ರಲ್ಲಿ ಸರಳವೂ ವೇಗವಾದುದೂ ಆದ ಸಹಿಯ ವಿಧಾನವೊಂದನ್ನು ಕಂಡುಹಿಡಿದರು. ಫ್ರಾನ್ಸಿನ ಪಾಯಂಟ್‌ಶೆವಾಲ್ ಮತ್ತು ಸ್ಟರ್ನ್ ಎಂಬವರು ೧೯೯೬ರಲ್ಲಿ ಅದಕ್ಕೆ ಉಪಪತ್ತಿಯನ್ನು ಕೊಟ್ಟರು. ಅವರ ಯುಕ್ತಿಗೆ ಕವಲಿನ ಪ್ರಮೇಯವೆಂದು ಹೆಸರು. ವಂಚಕನನ್ನು ಒಂದು ಸಲ ಕೊನೆಯವರೆಗೂ ನಡೆಸಿ, ಬಳಿಕ ನಡುದಾರಿಯ ಕವಲಿಗೆ ಹಿಂದಿರುಗಿಸಿ, ಅಲ್ಲಿ ಬೇರೆ ಉತ್ತರವನ್ನು ಕೊಟ್ಟು ಮತ್ತೊಮ್ಮೆ ನಡೆಸಿದರೆ, ಎರಡು ಸಹಿಗಳು ಕೈಗೆ ಬರುವುವು. ಎರಡನ್ನೂ ಹೋಲಿಸಿದರೆ ಒಗಟು ಬಿಡುವುದು. ಇದೇ ಶ್ನೋರರ ಸಹಿಯನ್ನು ಆಧಾರವಾಗಿಟ್ಟುಕೊಂಡು, ಮನುಷ್ಯನ ಹೆಸರೇ ಬಹಿರಂಗ ಕೀಲಿಕೈಯಾಗುವಂಥ ವಿಧಾನವೊಂದನ್ನು ಗಲಿಂಡೊ ಮತ್ತು ಗಾರ್ಸಿಯಾ ಎಂಬ ವಿದ್ವಾಂಸರು ೨೦೦೯ರಲ್ಲಿ ಟ್ಯುನೀಷಿಯಾದ ಸಮ್ಮೇಳನದಲ್ಲಿ ಮಂಡಿಸಿದರು. ಉಪಪತ್ತಿಯನ್ನೂ ಕೊಟ್ಟಿದ್ದರು. ಅದು ಪರೀಕ್ಷಕರ ಒಪ್ಪಿಗೆಯನ್ನು ಪಡೆದು ಅಚ್ಚಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜಿತ್ ಚಟರ್ಜಿ ಅವರು ಚೇತನ್ ಕಾಮತ್ ಮತ್ತು ವಿಕಾಸ್ ಕುಮಾರ್ ಅವರೊಡನೆ ಆ ಉಪಪತ್ತಿಯನ್ನು ಸಾಲುಸಾಲಾಗಿ ಓದಿದರು. ಅದರಲ್ಲಿ ಎರಡು ವಾದಗಳಿದ್ದುವು. ಸರ್ವರೂ ಒಪ್ಪಿದ ನಿರೂಪಣೆಯಲ್ಲಿ ಮೊದಲನೆಯದು ನಿಲ್ಲದೆಂದೂ, ಎರಡನೆಯದು ಅಪೂರ್ಣವೆಂದೂ ಅವರು ತೋರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಖಂಡನೆ ಮಾತ್ರವಾಗುತ್ತಿತ್ತು. ಅವರು ಬಿರುಕುಗಳನ್ನು ಮುಚ್ಚುವ ದಾರಿಯನ್ನು ಹೇಳಿ, ಬಳಿಕ ಮೂರು ಹೊಸ ವಾದಗಳುಳ್ಳ ಬೇರೊಂದು ಉಪಪತ್ತಿಯನ್ನೇ ಕಟ್ಟಿದರು. ೨೦೧೨ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ಸಮ್ಮೇಳನದಲ್ಲಿ ಈ ಕಾರ್ಯವು ಪ್ರಕಟವಾಯಿತು. ಸಹಿಯ ವಿಧಾನವು ಉಳಿಯಿತು. ಅದರ ತಳಪಾಯವು ಬದಲಾಯಿತು.

ಹೊಸ ಉಪಪತ್ತಿಗೆ ಮತ್ತೊಂದು ಗುಣವೂ ಇತ್ತು. ಒಗಟಿನಿಂದ ಸಹಿಗೆ ಭದ್ರತೆಯನ್ನು ಸಾಗಿಸುವುದು ಹೊಳೆಯಿಂದ ಮನೆಗೆ ತೂತುಕೊಡದಲ್ಲಿ ನೀರನ್ನು ಹೊತ್ತಂತೆ. ದಾರಿಯಲ್ಲಿ ಎಷ್ಟು ಸೋರುವುದೋ ಅಷ್ಟು ದೊಡ್ಡ ಕೊಡವು ಬೇಕಾಗುವುದು. ಎಂದರೆ ಅಷ್ಟು ದೊಡ್ಡ ಸಂಖ್ಯೆಗಳೂ ಅಷ್ಟು ಹೆಚ್ಚಿನ ಲೆಕ್ಕವೂ ಬೇಕಾಗುವುವು. ಹಳೆಯ ವಾದದಲ್ಲಿ ಸೋರಿಕೆಯು ವಿಪರೀತವಾಗಿದ್ದಿತು. ಬೆಂಗಳೂರಿನವರ ವಾದದಲ್ಲಿ ಅದು ಬಹಳ ಕಡಿಮೆಯಾಯಿತು. ಈ ಮೂವರು ಯಾವ ಯಂತ್ರವನ್ನೂ ಮಾಡಲಿಲ್ಲ, ಯಾವ ಪದಾರ್ಥವನ್ನೂ ಮಾರಲಿಲ್ಲ. ಲೋಕವು ಸರಿಯೆಂದು ಒಪ್ಪಿದುದನ್ನು ಮತ್ತೊಮ್ಮೆ ಓದಿದರು. ಓದುವುದಕ್ಕೆ ಅವರಿಗೆ ವಿದ್ಯೆಯಿದ್ದಿತು. ಆದರೆ ವಿದ್ಯೆಯೊಂದೇ ಸಾಲದು, ಬಿಡುವೂ ಇರಬೇಕು.

ಇಂಥ ಉಪಪತ್ತಿಯ ಆಸರೆಯು ಗಟ್ಟಿಯಾಗಿಲ್ಲದಿದ್ದರೆ ಏನಾಗುವುದೆಂಬುದೂ ಇತ್ತೀಚೆಗೆ ಕಾಣಬಂದಿತು. ಕ್ವಾಂಟಮ್ ತತ್ತ್ವದ ಗಣಕಯಂತ್ರವು ದೊಡ್ಡದಾಗಿ ಸಿದ್ಧವಾದರೆ ಈಗಿನ ಸಹಿಗಳ ಆಧಾರವಾದ ಒಗಟುಗಳು ಬಿಡಿಸಲ್ಪಡುವುವೆಂದು ಪೀಟರ್ ಶೋರ್ ಎಂಬವರು ೧೯೯೪ರಲ್ಲಿಯೇ ತೋರಿಸಿದ್ದರು. ಅಂಥ ಯಂತ್ರಕ್ಕೂ ಬಗ್ಗದ ಸಹಿಗಳಿಗಾಗಿ ಅಮೆರಿಕೆಯ ಪ್ರಮಾಣ ಸಂಸ್ಥೆಯೊಂದು ಸ್ಪರ್ಧೆಯನ್ನು ನಡೆಸಿತು. 'ರೇನ್‌ಬೋ' ಎಂಬ ವಿಧಾನವು ೨೦೨೦ರಲ್ಲಿ ಅದರ ಕೊನೆಯ ಸುತ್ತಿನ ಅಭ್ಯರ್ಥಿಗಳಲ್ಲಿ ಒಂದಾಯಿತು. ಹದಿನೈದು ವರ್ಷ ಯಾರೂ ಮುರಿದಿರಲಿಲ್ಲವೆಂಬುದೇ ಅದರ ಮುಖ್ಯ ಬಲವು. ಹೆಸರಾಂತ ಒಗಟಿಗೆ ಅದನ್ನು ಕಟ್ಟಿಹಾಕುವ ಉಪಪತ್ತಿಯು ಇರಲಿಲ್ಲ. ೨೦೨೨ರಲ್ಲಿ ವಾರ್ಡ್ ಬ್ಯೂಲೆನ್ಸ್ ಎಂಬ ತರುಣ ಸಂಶೋಧಕರು ಅದರ ಮೊದಲನೆಯ ದರ್ಜೆಯ ಗುಟ್ಟಿನ ಕೀಲಿಕೈಯನ್ನು ಸಾಮಾನ್ಯವಾದ ಮಡಿಲಗಣಕವೊಂದರಿಂದ ಸರಾಸರಿ ೫೩ ಗಂಟೆಗಳಲ್ಲಿ ಹೊರತೆಗೆದರು. ಸ್ಪರ್ಧೆಯ ಫಲವಾಗಿ ೨೦೨೪ರ ಆಗಸ್ಟಿನಲ್ಲಿ ಪ್ರಕಟವಾದ ಸಹಿಯ ಪ್ರಮಾಣಗಳಲ್ಲಿ ರೇನ್‌ಬೋ ಇಲ್ಲ. 'ಇದುವರೆಗೆ ಯಾರೂ ಮುರಿದಿಲ್ಲ' ಎಂಬ ಮಾತಿಗೂ 'ಮುರಿಯಬೇಕಾದರೆ ಇಂಥ ಒಗಟನ್ನು ಬಿಡಿಸಲೇಬೇಕು' ಎಂಬ ಮಾತಿಗೂ ಅಂತರವೇನೆಂಬುದನ್ನು ಇದರಿಂದ ತಿಳಿಯಬಹುದು. ಒಗಟೇ ನಾಳೆ ಬಿಡಬಹುದೆಂಬುದೂ ನಿಜವೇ. ಆದರೆ ಆಗ ಕಾವಲಿಡಬೇಕಾದ ಬಾಗಿಲು ಯಾವುದೆಂಬುದು ಎಲ್ಲರಿಗೂ ಗೊತ್ತಿರುವುದು.

ಶರಣಬಂಧುಗಳೇ, ಭೂಮಿಯ ಪತ್ರಗಳ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ದೀರ್ಘವಾದುದು. ಇಂದು ಸಹಿಯಾದ ಪತ್ರವನ್ನು ಮೊಮ್ಮಕ್ಕಳು ನ್ಯಾಯಾಲಯದಲ್ಲಿ ತೋರಿಸಬೇಕಾಗಬಹುದು. ಆದುದರಿಂದ ಹಳೆಯ ಸಹಿಗಳಿಂದ ಹೊಸ ಸಹಿಗಳಿಗೆ ದಾಟುವ ಈ ಕಾಲದಲ್ಲಿ, ಹೊಸದರ ಉಪಪತ್ತಿಗಳನ್ನು ಓದಿ ತಟ್ಟಿ ನೋಡತಕ್ಕವರು ಹೆಚ್ಚಾಗಿ ಬೇಕು. ಆ ಓದು ಒಂದೆರಡು ತಿಂಗಳಿನದಲ್ಲ. ಸಂಖ್ಯಾಶಾಸ್ತ್ರವನ್ನೂ ಸಂಭವನೀಯತೆಯ ಗಣಿತವನ್ನೂ ಕಲಿಯುವುದರಲ್ಲಿಯೇ ಮೊದಲ ವರ್ಷಗಳು ಕಳೆಯುವುವು. ಬಳಿಕ ಒಂದು ವಾದದ ಹಿಂದೆ ತಿಂಗಳುಗಟ್ಟಲೆ ನಡೆದು ಅದು ನಿಲ್ಲದೆಂದು ತಿಳಿದು ಹಿಂದಿರುಗಬೇಕಾಗುವುದು. ನಾಲ್ಕೈದು ವರ್ಷಗಳ ತರುವಾಯ ಕೈಯಲ್ಲಿ ಉಳಿಯುವುದು ಕೆಲವು ಪುಟಗಳ ಉಪಪತ್ತಿ ಮಾತ್ರ. ಇದರಿಂದ ಎಕರೆಗೆ ಒಂದು ಚೀಲ ಬತ್ತವು ಹೆಚ್ಚುವುದೇ, ಮಗ್ಗಕ್ಕೆ ಒಂದು ಎಳೆ ನೂಲು ಹೆಚ್ಚುವುದೇ, ಇಂಥವನಿಗೆ ವೇತನವನ್ನು ಏಕೆ ಕೊಡಬೇಕು ಎಂದು ಕೇಳುವವರುಂಟು. ಪ್ರಶ್ನೆಯು ಅನ್ಯಾಯವಾದುದಲ್ಲ, ದುಡಿದು ತೆರಿಗೆಯನ್ನು ತೆರುವವನಿಗೆ ಅದನ್ನು ಕೇಳುವ ಹಕ್ಕುಂಟು.

ಉತ್ತರವು ಈ ಸೀಮೆಯ ನಡತೆಯಲ್ಲಿಯೇ ಇರುವುದು. ಓದುವ ಮಗುವಿಗೆ ಅನ್ನವಿಕ್ಕಿದ ಮಠಗಳು ಇಂದು ಇಕ್ಕಿದ ಅನ್ನಕ್ಕೆ ನಾಳೆ ಏನು ಬಂದೀತೆಂದು ಲೆಕ್ಕ ಹಾಕಲಿಲ್ಲ. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರುಗಳಲ್ಲಿ ವಿದ್ಯಾರ್ಥಿನಿಲಯಗಳಿಗೆ ಆಶ್ರಯವಿತ್ತುದನ್ನು ದಾವಣಗೆರೆಯು ಮರೆತಿಲ್ಲ. ದಾಸೋಹವೆಂದರೆ ಹಸಿದವನಿಗೆ ಅನ್ನ ಮಾತ್ರವಲ್ಲ. ಓದತಕ್ಕವನಿಗೆ ಅನ್ನದ ಚಿಂತೆಯನ್ನು ತಪ್ಪಿಸುವುದೂ ದಾಸೋಹವೇ. ದಾವಣಗೆರೆಯಲ್ಲಿ ೧೯೫೧ರಲ್ಲಿ ಹುಟ್ಟಿದ ಇಂಜಿನಿಯರಿಂಗ್ ಕಾಲೇಜು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರನ್ನು ಇಂದಿಗೂ ಹೊತ್ತಿರುವುದು. ಬಾಪೂಜಿ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ೧೯೭೯ರಲ್ಲಿಯೂ, ದಾವಣಗೆರೆ ವಿಶ್ವವಿದ್ಯಾನಿಲಯವು ೨೦೦೯ರಲ್ಲಿಯೂ ಸ್ಥಾಪಿತವಾದುವು. ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಜಮಶೇಟ್‌ಜಿ ಟಾಟಾ ಅವರ ದಾನದಿಂದಲೂ, ಮೈಸೂರು ಸಂಸ್ಥಾನವು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ೧೯೦೯ರಲ್ಲಿ ನೆಲೆಗೊಂಡಿತು. ಆ ಭೂಮಿಯನ್ನು ಕೊಟ್ಟವರಿಗೆ ನೂರು ವರ್ಷಗಳ ಬಳಿಕ ಅಲ್ಲಿ ಯಾರೋ ಮೂವರು ಕುಳಿತು ಸಹಿಯೊಂದರ ಉಪಪತ್ತಿಯನ್ನು ತಿದ್ದುವರೆಂದು ತಿಳಿದಿರಲು ಸಾಧ್ಯವೇ?

ಸರಕಾರವೂ ಇದನ್ನು ತಿಳಿಯದೆ ಇಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಮತ್ತು ವೈಜ್ಞಾನಿಕ ಹಾಗೂ ಔದ್ಯೋಗಿಕ ಸಂಶೋಧನಾ ಪರಿಷತ್ತುಗಳ ಪರೀಕ್ಷೆಗಳಲ್ಲಿ ಗೆದ್ದ ಸಂಶೋಧಕರಿಗೆ ಕೊಡುವ ಶಿಷ್ಯವೇತನವು ೨೦೨೩ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಅನಂತರ ೪೨,೦೦೦ ರೂಪಾಯಿ ಎಂದು ಗೊತ್ತಾಯಿತು. ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನದಲ್ಲಿ ಡಾಕ್ಟರೇಟ್ ಮಾಡುವವರಿಗಾಗಿ ೨೦೧೪ರಲ್ಲಿ ಆರಂಭವಾದ ಕೇಂದ್ರ ಸರಕಾರದ ಯೋಜನೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟಿರುವರು. ಪ್ರಧಾನಮಂತ್ರಿಯವರ ಹೆಸರಿನ ಸಂಶೋಧನಾ ವೇತನವು ೨೦೧೮ರಲ್ಲಿ ಘೋಷಿತವಾಯಿತು. ಆದರೆ ಈ ವೇತನಗಳ ಬಾಗಿಲವರೆಗೆ ಹಳ್ಳಿಯ ಹುಡುಗನೂ ಹುಡುಗಿಯೂ ಬರಬೇಕಾದರೆ ಅದಕ್ಕೆ ಮುಂಚಿನ ಹತ್ತು ವರ್ಷ ಅವರಿಗೆ ಗಣಿತದ ರುಚಿಯೂ ಊಟದ ನೆಮ್ಮದಿಯೂ ದೊರೆತಿರಬೇಕು. ಬೇಗನೆ ಸಂಬಳ ತರುವ ಕೆಲಸವನ್ನು ಬಿಟ್ಟು ಗಣಿತದ ದಾರಿಯನ್ನು ಹಿಡಿಯುವೆನೆಂದ ಮಗುವಿಗೆ ಮನೆಯವರು ಅಡ್ಡಬರದಂತೆ ಧೈರ್ಯವನ್ನು ಹೇಳತಕ್ಕವರೂ ಬೇಕು. ಈ ಕಾರ್ಯವು ಸರಕಾರದಿಂದ ಆಗತಕ್ಕುದಲ್ಲ. ಮಠಗಳಿಂದಲೂ ಊರ ಹಿರಿಯರಿಂದಲೂ ಆಗತಕ್ಕುದು.

ಕೊನೆಯದಾಗಿ ಒಂದು ಎಚ್ಚರಿಕೆಯೂ ಅವಶ್ಯ. ಉಪಪತ್ತಿಯು ಲೆಕ್ಕವನ್ನು ಕಾಯುವುದೇ ಹೊರತು ಮನುಷ್ಯನ ನಡತೆಯನ್ನು ಕಾಯದು. ಅಧಿಕಾರಿಯೊಬ್ಬನು ತನ್ನ ಗುಟ್ಟಿನ ಕೀಲಿಕೈಯನ್ನು ಸೋಮಾರಿತನದಿಂದ ಗುಮಾಸ್ತನ ಕೈಗೆ ಕೊಟ್ಟರೆ, ಇಲ್ಲವೆ ಸುಳ್ಳು ಪತ್ರಕ್ಕೆ ತಿಳಿದೂ ಸಹಿ ಮಾಡಿದರೆ, ಲೋಕದ ಯಾವ ಪ್ರಮೇಯವೂ ರೈತನ ಹೊಲವನ್ನು ಉಳಿಸಲಾರದು. ಸಹಿಯು ಹೇಳುವುದು 'ಈ ಕೀಲಿಕೈಯ ಒಡೆಯನು ಈ ಒಕ್ಕಣೆಯನ್ನು ಒಪ್ಪಿದನು' ಎಂಬುದನ್ನು ಮಾತ್ರ, ಒಕ್ಕಣೆಯು ಸತ್ಯವೆಂದಲ್ಲ. ನುಡಿಯೂ ನಡೆಯೂ ಒಂದಾಗಿರಬೇಕೆಂದು ಶರಣರು ಸಾರಿದುದರ ಅವಶ್ಯಕತೆಯನ್ನು ಯಾವ ಗಣಿತವೂ ಕಡಿಮೆ ಮಾಡಿಲ್ಲ. ಗಣಿತವು ಮಾಡುವುದಿಷ್ಟೇ: ಸತ್ಯವಂತನ ರುಜುವನ್ನು ಅಸತ್ಯವಂತನು ಕದಿಯದಂತೆ ಕಾಯುವುದು. ಅದೇನು ಸಣ್ಣ ಸೇವೆಯೇ?

ಕೂಟಶಾಸನಗಳನ್ನು ಶತಮಾನಗಳ ಮೇಲೆ ಪತ್ತೆಹಚ್ಚಿದ ವಿದ್ವಾಂಸರಿಗೂ, ಪ್ರಕ್ಷಿಪ್ತ ವಚನಗಳನ್ನು ಆರಿಸಿ ತೆಗೆದ ಪಾಠಶೋಧಕರಿಗೂ ಕನ್ನಡನಾಡು ಋಣಿಯಾಗಿರುವುದು. ಕೂಟವೇ ಹುಟ್ಟದಂತೆ ಮೊದಲೇ ಕಾವಲಿಡುವ ಈ ಹೊಸ ಪಾಠಶೋಧಕರೂ ಅದೇ ಸಾಲಿಗೆ ಸೇರತಕ್ಕವರು. ಹರಿಹರದ ಕಲ್ಲಿನ ಮೇಲೆ ದಾನಪತ್ರವನ್ನು ಕೊರೆದವರು ಸೂರ್ಯಚಂದ್ರರಿರುವವರೆಗೆ ಅದು ನಡೆಯಲೆಂದು ಹಾರೈಸಿದರು. ಇಂದಿನ ಪತ್ರಗಳಿಗೆ ಅಷ್ಟು ದೀರ್ಘವಾದ ಆಯುಸ್ಸನ್ನು ಯಾವ ಶಾಸ್ತ್ರಜ್ಞನೂ ವಾಗ್ದಾನ ಮಾಡಲಾರನು. ಮಾಡಬಹುದಾದ ವಾಗ್ದಾನವೆಂದರೆ, ಪ್ರತಿಯೊಂದು ತಲೆಮಾರಿನಲ್ಲಿಯೂ ತಳಪಾಯವನ್ನು ತಟ್ಟಿ ನೋಡತಕ್ಕವರು ಇರುವರೆಂಬುದು. ಅಂಥವರು ದಾವಣಗೆರೆ ಹರಿಹರಗಳ ಮನೆಗಳಿಂದಲೂ ಹುಟ್ಟಿಬರಲಿ, ಅವರ ಓದಿಗೆ ಅನ್ನದ ಕೊರತೆಯು ಎಂದೂ ಬಾರದಿರಲಿ.